ಮಾಡಿದವರು, ಮಾಡಿಸಿದವರು, ಒಪ್ಪಿದವರು

ಸರ್ವರ್ ಒಂದರಲ್ಲಿ ಯಾವ ಪೋರ್ಟ್‌ಗಳು, ಅಂದರೆ ಸಂಖ್ಯೆಯಿಂದ ಗುರುತಿಸುವ ಒಳದಾರಿಗಳು, ತೆರೆದಿವೆ ಎಂದು ತಿಳಿಯಲು ಸೈಬರ್ ಭದ್ರತೆಯ ಕೆಲಸದಲ್ಲಿರುವವರು ಎನ್‌ಮ್ಯಾಪ್ ಎಂಬ ಸಾಧನವನ್ನು ಬಳಸುತ್ತಾರೆ. ಬ್ಯಾಂಕೊಂದು ತನ್ನ ವ್ಯವಸ್ಥೆಯ ಗಟ್ಟಿತನವನ್ನು ಪರೀಕ್ಷಿಸಲು ಹಣ ಕೊಟ್ಟು ಕರೆಸಿಕೊಂಡ ಪರಿಣತ ಬಳಸುವುದೂ ಅದನ್ನೇ, ಅದೇ ಬ್ಯಾಂಕನ್ನು ದೋಚಲು ಹೊಂಚು ಹಾಕಿದವನು ಬಳಸುವುದೂ ಅದನ್ನೇ. ಇಬ್ಬರೂ ಟೈಪ್ ಮಾಡುವ ಆಜ್ಞೆ ಒಂದೇ. 22, 443, 3389 ಎಂದು ಪರದೆಯ ಮೇಲೆ ಸಾಲಾಗಿ ಮೂಡುವ ಉತ್ತರ ಒಂದೇ. ಬ್ಯಾಂಕಿನ ಫೈರ್‌ವಾಲ್ ಲಾಗ್‌ನಲ್ಲಿ ಉಳಿಯುವ ಗುರುತೂ ಒಂದೇ. ಹೊರಗಿನಿಂದ ನೋಡಿದರೆ ಸರಿಗೂ ತಪ್ಪಿಗೂ ಕೂದಲೆಳೆಯಷ್ಟು ವ್ಯತ್ಯಾಸವೂ ಕಾಣದ ಇಂಥ ಕೆಲಸ ಬೇರೆ ವೃತ್ತಿಗಳಲ್ಲಿ ಅಪರೂಪ. ಆದ್ದರಿಂದ ಇಲ್ಲಿ ನೀತಿಯ ಪ್ರಶ್ನೆ ಕೃತ್ಯವನ್ನು ಬಿಟ್ಟು ಅದರ ಹಿಂದಕ್ಕೆ ಹೋಗಬೇಕಾಗುತ್ತದೆ: ಮಾಡಿದವರ ಉದ್ದೇಶ ಏನಿತ್ತು, ಮತ್ತು ಅವರಿಗೆ ಅನುಮತಿ ಕೊಟ್ಟವರು ಯಾರು?

ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಈ ಎರಡು ಪ್ರಶ್ನೆಗಳನ್ನು ಎರಡು ಬೇರೆ ಸೆಕ್ಷನ್‌ಗಳಲ್ಲಿ ಇಟ್ಟಿದೆ. ಮಾಲೀಕರ ಅಥವಾ ಉಸ್ತುವಾರಿ ಹೊತ್ತವರ ಅನುಮತಿಯಿಲ್ಲದೆ ಕಂಪ್ಯೂಟರ್‌ಗೆ ಪ್ರವೇಶ ಪಡೆದರೆ, ಅದರಿಂದ ಮಾಹಿತಿಯನ್ನು ನಕಲು ಮಾಡಿಕೊಂಡರೆ, ಸೆಕ್ಷನ್ 43ರ ಪ್ರಕಾರ ಪರಿಹಾರ ಕೊಡಬೇಕು. ಅಲ್ಲಿ ಮನಸ್ಸಿನಲ್ಲಿ ಏನಿತ್ತು ಎಂಬ ವಿಚಾರಣೆಯಿಲ್ಲ. ಅದೇ ಕೆಲಸವನ್ನು ಅಪ್ರಾಮಾಣಿಕವಾಗಿ ಅಥವಾ ವಂಚಿಸುವ ಸಲುವಾಗಿ ಮಾಡಿದಾಗ ಮಾತ್ರ ಸೆಕ್ಷನ್ 66 ಜಾರಿಗೆ ಬರುತ್ತದೆ. ಮೂರು ವರ್ಷದವರೆಗೆ ಸೆರೆಮನೆ, ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಲೇಜೊಂದರ ಫಲಿತಾಂಶದ ಪುಟದಲ್ಲಿ ವಿಳಾಸದ ಕೊನೆಗಿರುವ 1041ನ್ನು 1042 ಎಂದು ತಿದ್ದಿದಾಗ ಬೇರೊಬ್ಬರ ಅಂಕಪಟ್ಟಿ ತೆರೆದುಕೊಂಡಿತು ಎಂದಿಟ್ಟುಕೊಳ್ಳಿ. ಅದನ್ನು ಕಂಡು ಕಾಲೇಜಿಗೆ ತಿಳಿಸಿದ ವಿದ್ಯಾರ್ಥಿ 66ರಿಂದ ಪಾರಾಗಬಹುದು, ಆದರೆ 43ರ ನೆರಳಿನಿಂದ ಅಷ್ಟು ಸುಲಭವಾಗಿ ಹೊರಗೆ ಬರಲಾರ. ಭದ್ರತಾ ಸಂಶೋಧಕರು ಇದನ್ನು ಅನ್ಯಾಯವೆನ್ನುತ್ತಾರೆ, ಅವರ ಮಾತಿನಲ್ಲಿ ಹುರುಳಿದೆ. ಅಮೆರಿಕದ ನ್ಯಾಯ ಇಲಾಖೆ 2022ರ ಮೇ ತಿಂಗಳಲ್ಲಿ, ಸದುದ್ದೇಶದ ಭದ್ರತಾ ಸಂಶೋಧನೆಯ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂದು ತನ್ನ ನೀತಿಯನ್ನು ಬದಲಿಸಿಕೊಂಡಿತು. ನಮ್ಮಲ್ಲೂ ಅಂಥದ್ದು ಬರಲಿ ಎಂಬ ಬೇಡಿಕೆ ಇದೆ, ಅದಕ್ಕೆ ನನ್ನದೂ ಒಂದು ಓಟು.

ಆದರೂ ಉದ್ದೇಶವನ್ನೇ ಅಳತೆಗೋಲಾಗಿ ಹಿಡಿಯುವ ನಮ್ಮ ಕ್ಷೇತ್ರದ ರೂಢಿಯ ಬಗ್ಗೆ ನನಗೆ ಅನುಮಾನಗಳಿವೆ. ಕೃತಕ ಬುದ್ಧಿಮತ್ತೆ ಈ ಕೆಲಸಕ್ಕೆ ಕೈ ಹಾಕಿದ ಮೇಲೆ ಆ ಅನುಮಾನಗಳು ಬಲವಾಗಿವೆ. ಹಳೆಯ ಒಂದು ಘಟನೆಯಿಂದ ಶುರು ಮಾಡುತ್ತೇನೆ.

2017ರ ಮೇ 12, ಶುಕ್ರವಾರ, ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹರಡತೊಡಗಿತು. 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಅದಕ್ಕೆ ತುತ್ತಾದವು. ಕಡತಗಳೆಲ್ಲ ಬೀಗ ಬಿದ್ದಂತಾಗಿ, ಬಿಡಿಸಿಕೊಳ್ಳಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕಳಿಸಿ ಎಂಬ ಕೆಂಪು ಕಿಟಕಿ ಪರದೆಯ ಮೇಲೆ ಎದ್ದು ನಿಲ್ಲುತ್ತಿತ್ತು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯ 236 ಟ್ರಸ್ಟ್‌ಗಳಲ್ಲಿ (ಆಸ್ಪತ್ರೆ ಮೊದಲಾದವನ್ನು ನಡೆಸುವ ಘಟಕಗಳಲ್ಲಿ) ಕನಿಷ್ಠ 80ಕ್ಕೆ ಪೆಟ್ಟು ಬಿತ್ತು. ಐದು ಕಡೆ ತುರ್ತು ಚಿಕಿತ್ಸಾ ವಿಭಾಗದ ಬಾಗಿಲಿಗೆ ಬಂದ ರೋಗಿಗಳನ್ನು ಬೇರೆ ಆಸ್ಪತ್ರೆಗಳಿಗೆ ಕಳಿಸಬೇಕಾಯಿತು. ರದ್ದಾದ ಭೇಟಿ, ಶಸ್ತ್ರಚಿಕಿತ್ಸೆಗಳ ಸಂಖ್ಯೆ ಸುಮಾರು 19,000 ಇರಬಹುದೆಂದು ಆ ಆರೋಗ್ಯ ಸೇವೆಯೇ ಅಂದಾಜಿಸಿದ್ದನ್ನು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ವರದಿ ಮಾಡಿತು. ವನ್ನಾಕ್ರೈಯನ್ನು ಬಿಟ್ಟವರು ಉತ್ತರ ಕೊರಿಯಾದವರೆಂದು ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕ, ಬ್ರಿಟನ್ ಎರಡೂ ಬಹಿರಂಗವಾಗಿ ಹೇಳಿದವು. ಅವರ ಉದ್ದೇಶದ ಬಗ್ಗೆ ಚರ್ಚಿಸುವಂಥದ್ದೇನೂ ಇಲ್ಲ. ಚರ್ಚೆಗೆ ಅರ್ಹವಾದದ್ದು ಅವರ ಕೈಯಲ್ಲಿದ್ದ ಆಯುಧ.

ಆ ಆಯುಧದ ಹೆಸರು ಎಟರ್ನಲ್‌ಬ್ಲೂ. ವಿಂಡೋಸ್ ಯಂತ್ರಗಳು ಒಂದರೊಡನೊಂದು ಕಡತ ಹಂಚಿಕೊಳ್ಳುವ ಭಾಗದಲ್ಲಿದ್ದ ದೋಷವೊಂದನ್ನು ಬಳಸಿ, ಬಳಕೆದಾರರು ಏನನ್ನೂ ಕ್ಲಿಕ್ ಮಾಡದಿದ್ದರೂ ಒಳಗೆ ನುಗ್ಗುವ ಈ ಎಕ್ಸ್‌ಪ್ಲಾಯ್ಟ್ (ದೋಷವನ್ನು ದಾಳಿಗೆ ಬಳಸುವ ಸಂಕೇತಸರಣಿ, ಅಂದರೆ ಕೋಡ್) ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಎನ್‌ಎಸ್‌ಎಯಲ್ಲಿ ತಯಾರಾದದ್ದು ಎಂಬುದನ್ನು ಈಗ ಬಹುತೇಕ ಎಲ್ಲರೂ ಒಪ್ಪುತ್ತಾರೆ. ಐದು ವರ್ಷಕ್ಕೂ ಮೀರಿ ಆ ಸಂಸ್ಥೆ ಅದನ್ನು ಮೈಕ್ರೋಸಾಫ್ಟ್‌ಗೆ ಹೇಳದೆ ಇಟ್ಟುಕೊಂಡಿತ್ತೆಂದು ಅಲ್ಲಿನ ಪತ್ರಿಕೆಗಳು ವರದಿ ಮಾಡಿದವು. ಗುಟ್ಟು ಕಳುವಾದ ಮೇಲೆ 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ದೋಷ ಮುಚ್ಚುವ ತಿದ್ದುಪಡಿ, ಅಂದರೆ ಪ್ಯಾಚ್, ಹೊರಡಿಸಿತು, ಏಪ್ರಿಲ್ 14ರಂದು ಶ್ಯಾಡೋ ಬ್ರೋಕರ್ಸ್ ಎಂಬ ಅನಾಮಿಕ ಗುಂಪು ಎಕ್ಸ್‌ಪ್ಲಾಯ್ಟ್ ಅನ್ನು ಬೀದಿಗೆ ಸುರಿಯಿತು, ಇನ್ನೂ ಒಂದು ತಿಂಗಳು ತುಂಬುವ ಮೊದಲೇ ಆಸ್ಪತ್ರೆಗಳು ಕಾಗದ ಪೆನ್ನಿಗೆ ಮರಳಿದವು.

ಇಲ್ಲಿ ಎನ್‌ಎಸ್‌ಎಯ ಪರವಾಗಿ ವಾದಿಸುವವರಿಗೆ ತತ್ತ್ವಶಾಸ್ತ್ರದ ಬೆಂಬಲ ಸಿಗದೇ ಇರುವುದಿಲ್ಲ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್‌ನಿಂದ ಬಂದ ದ್ವಿಪರಿಣಾಮ ತತ್ತ್ವವೊಂದಿದೆ: ಒಂದು ಕೆಲಸದಿಂದ ಒಳ್ಳೆಯದೂ ಕೆಟ್ಟದ್ದೂ ಆಗುವುದಿದ್ದರೆ, ಒಳ್ಳೆಯದನ್ನೇ ಉದ್ದೇಶಿಸಿ, ಕೆಟ್ಟದ್ದನ್ನು ಸಾಧನವಾಗಿ ಬಳಸದೆ, ಎರಡರ ತೂಕ ಸರಿದೂಗುವಂತಿದ್ದರೆ ಅದನ್ನು ಮಾಡಬಹುದು. ಭಯೋತ್ಪಾದಕರ ಮಾತುಗಳನ್ನು ಕದ್ದು ಕೇಳುವುದು ಉದ್ದೇಶ. ಅದೇ ದೋಷ ಜಗತ್ತಿನ ಆಸ್ಪತ್ರೆಗಳಲ್ಲೂ ಹಾಗೆಯೇ ಉಳಿಯುವುದು ಬಯಸದ ಅಡ್ಡಪರಿಣಾಮ. ಮಾತು ಕೇಳಲು ಚೆನ್ನಾಗಿದೆ. ಆದರೆ ತೂಕ ಹಾಕುವವರು ಯಾರು ಎಂದು ಕೇಳಿದಾಗ ವಾದ ಕುಸಿಯುತ್ತದೆ. ದೊರೆತ ದೋಷವನ್ನು ಬಚ್ಚಿಡಬೇಕೋ ತಯಾರಕರಿಗೆ ಹೇಳಬೇಕೋ ಎಂದು ತೀರ್ಮಾನಿಸಲು ಅಮೆರಿಕದಲ್ಲಿ ಒಂದು ಸಮಿತಿ ಇದೆ. ಅದರ ನಿಯಮಾವಳಿಯನ್ನು 2017ರ ನವೆಂಬರ್‌ನಲ್ಲಿ ಪ್ರಕಟಿಸಲಾಯಿತು. ಆ ಸಮಿತಿಯ ಕಾರ್ಯದರ್ಶಿ ಕಚೇರಿಯನ್ನು ನಡೆಸುವುದು ಎನ್‌ಎಸ್‌ಎಯೇ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಹೇಳಿಬಿಟ್ಟರೆ ಸ್ವಲ್ಪ ಹೆಚ್ಚಾದೀತು, ಏಕೆಂದರೆ ಅಲ್ಲಿ ಬೇರೆ ಇಲಾಖೆಗಳೂ ಕೂರುತ್ತವೆ, ಹೆಚ್ಚಿನ ದೋಷಗಳನ್ನು ತಯಾರಕರಿಗೆ ತಿಳಿಸುತ್ತೇವೆಂದು ಅವರು ಹೇಳಿಕೊಳ್ಳುತ್ತಾರೆ. ಆದರೆ ಕೂರುವವರೆಲ್ಲ ಅಮೆರಿಕ ಸರ್ಕಾರದವರು. ದೋಷ ಇರುವುದು ಲಂಡನ್ನಿನ ಎಕ್ಸ್‌ರೇ ಯಂತ್ರದ ಪಕ್ಕದಲ್ಲೂ, ಬೆಂಗಳೂರಿನ ಬಿಲ್ಲಿಂಗ್ ಕೌಂಟರ್‌ನಲ್ಲೂ. ಅಲ್ಲಿನ ಜನರ ಪರವಾಗಿ ಮಾತಾಡುವ ಕುರ್ಚಿ ಆ ಸಮಿತಿಯಲ್ಲಿಲ್ಲ. ಮನುಷ್ಯರನ್ನು ಬರಿಯ ಸಾಧನವಾಗಿ ಬಳಸಬಾರದೆಂದು ಜರ್ಮನ್ ತತ್ತ್ವಜ್ಞಾನಿ ಕಾಂಟ್ ಹೇಳಿದ್ದರ ತಿರುಳು ಇದೇ ಎಂದು ನಾನು ತಿಳಿದಿದ್ದೇನೆ. ತಮ್ಮ ಮೇಲೆ ಹೊರಿಸಿದ ಅಪಾಯಕ್ಕೆ ಹೂಂ ಅನ್ನಲೋ ಉಹೂಂ ಅನ್ನಲೋ ಅವಕಾಶವೇ ಇಲ್ಲದಿದ್ದವರಿಗೆ, ಹೊರಿಸಿದವರ ಉದ್ದೇಶ ಎಷ್ಟು ನಿರ್ಮಲವಾಗಿತ್ತು ಎಂಬುದು ಯಾವ ಸಮಾಧಾನವನ್ನೂ ಕೊಡುವುದಿಲ್ಲ.

ಅದೇ ಶುಕ್ರವಾರದ ಇನ್ನೊಂದು ತುದಿಯಲ್ಲಿ ಮಾರ್ಕಸ್ ಹಚಿನ್ಸ್ ಇದ್ದರು. ಇಂಗ್ಲೆಂಡಿನ ಡೆವನ್‌ನಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ 22 ವರ್ಷದ ಹುಡುಗ. ಕಡತಗಳಿಗೆ ಬೀಗ ಹಾಕುವ ಮೊದಲು ವನ್ನಾಕ್ರೈ ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ಒಂದು ಡೊಮೇನ್ ಹೆಸರನ್ನು ಸಂಪರ್ಕಿಸಲು ನೋಡುತ್ತಿತ್ತು. ಆ ಹೆಸರು ಯಾರ ಬಳಿಯೂ ಇಲ್ಲವೆಂಬುದನ್ನು ಕಂಡ ಹಚಿನ್ಸ್ 10 ಡಾಲರ್ 69 ಸೆಂಟ್ಸ್ ಕೊಟ್ಟು ನೋಂದಾಯಿಸಿದರು. ಎಷ್ಟು ಯಂತ್ರಗಳಿಗೆ ಸೋಂಕು ತಗುಲಿದೆ ಎಂದು ಎಣಿಸುವುದಷ್ಟೇ ಅವರ ಗುರಿಯಾಗಿತ್ತು. ಆ ಹೆಸರಿನಿಂದ ಉತ್ತರ ಬಂದೊಡನೆ ಸುಮ್ಮನಾಗಿಬಿಡುವಂತೆ ವನ್ನಾಕ್ರೈಯನ್ನು ಬರೆಯಲಾಗಿತ್ತು, ಅದು ಅವರಿಗೆ ಗೊತ್ತಿರಲಿಲ್ಲ. ಜಗತ್ತನ್ನು ಉಳಿಸಿದವನೆಂದು ಹೊಗಳಿಸಿಕೊಂಡ ಅವರನ್ನು ಮೂರೇ ತಿಂಗಳಲ್ಲಿ, ಆಗಸ್ಟ್ 2ರಂದು, ಲಾಸ್ ವೇಗಾಸ್‌ನಲ್ಲಿ ಬಂಧಿಸಲಾಯಿತು. ಎಳೆಯ ವಯಸ್ಸಿನಲ್ಲಿ ಕ್ರೋನೋಸ್ ಎಂಬ, ಬ್ಯಾಂಕ್ ಖಾತೆಗಳ ಗುಟ್ಟು ಕದಿಯುವ ಮಾಲ್‌ವೇರ್ ಬರೆದಿದ್ದ ಆರೋಪ ಅವರ ಮೇಲಿತ್ತು. 2019ರಲ್ಲಿ ತಪ್ಪೊಪ್ಪಿಕೊಂಡರು. ನ್ಯಾಯಾಧೀಶರು ಅವರ ಒಳ್ಳೆಯ ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಕಳೆದ ಅವಧಿಯೇ ಸಾಕೆಂದು ಬಿಟ್ಟರು. 1970ರ ದಶಕದಲ್ಲಿ ತತ್ತ್ವಜ್ಞಾನಿಗಳಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ನೈತಿಕ ಅದೃಷ್ಟ ಎಂಬ ಸಮಸ್ಯೆಯನ್ನು, ಅಂದರೆ ನಮ್ಮ ಹತೋಟಿಯಲ್ಲಿಲ್ಲದ ಫಲದಿಂದ ನಮ್ಮನ್ನು ಹೊಗಳುವುದು ತೆಗಳುವುದು ಸರಿಯೇ ಎಂಬುದನ್ನು, ಎತ್ತಿದಾಗ ಇದಕ್ಕಿಂತ ಸೊಗಸಾದ ಉದಾಹರಣೆ ಅವರಿಗೆ ಸಿಗುತ್ತಿರಲಿಲ್ಲ: ಸಾಧಾರಣ ಉದ್ದೇಶದ ಕೆಲಸಕ್ಕೆ ಅಸಾಧಾರಣ ಫಲ, ದೇಶರಕ್ಷಣೆಯ ಉದ್ದೇಶಕ್ಕೆ ಆಸ್ಪತ್ರೆಗಳ ಬಾಗಿಲು ಮುಚ್ಚಿದ ಫಲ.

ಕೃತಕ ಬುದ್ಧಿಮತ್ತೆಯ ನೀತಿ ಎಂದಾಗಲೆಲ್ಲ ನಮ್ಮ ಗೋಷ್ಠಿಗಳಲ್ಲಿ ಟ್ರಾಲಿಯೊಂದು ಹಳಿಯ ಮೇಲೆ ಬಂದೇ ಬರುತ್ತದೆ: ಸುಮ್ಮನಿದ್ದರೆ ಐವರು ಸಾಯುತ್ತಾರೆ, ಸನ್ನೆಗೋಲೆಳೆದು ಹಳಿ ಬದಲಿಸಿದರೆ ಒಬ್ಬ ಸಾಯುತ್ತಾನೆ, ಏನು ಮಾಡಬೇಕು? 1967ರಲ್ಲಿ ತತ್ತ್ವಜ್ಞಾನಿ ಫಿಲಿಪ್ಪಾ ಫುಟ್ ಬೇರೆ ಸಂದರ್ಭಕ್ಕಾಗಿ ಕಟ್ಟಿದ ಆ ಒಗಟು ಚಾಲಕರಹಿತ ಕಾರುಗಳ ಕಾಲದಲ್ಲಿ ಸಾಕಷ್ಟು ಸವೆದಿದೆ. ಒಬ್ಬ ಮನುಷ್ಯ, ಒಂದು ಸನ್ನೆಗೋಲು, ಕಣ್ಣೆದುರಿಗೇ ಕಾಣುವ ಐವರು ಮತ್ತು ಒಬ್ಬ. ಭದ್ರತೆಯಲ್ಲಿ ಈ ಮೂರರಲ್ಲಿ ಒಂದೂ ಇರುವುದಿಲ್ಲ. ಹಾಗಾಗಿ ಅದನ್ನು ಇಲ್ಲಿಗೇ ಬಿಡುತ್ತೇನೆ.

2025ರ ಸೆಪ್ಟೆಂಬರ್ ಮಧ್ಯದಲ್ಲಿ ನಡೆದದ್ದನ್ನು ನೋಡಿದರೆ ಸನ್ನೆಗೋಲು ಎಲ್ಲಿಗೆ ಹೋಯಿತು ಎಂಬುದು ಗೊತ್ತಾಗುತ್ತದೆ. ಆಂಥ್ರೋಪಿಕ್ ಕಂಪನಿ ಆ ನವೆಂಬರ್‌ನಲ್ಲಿ ಪ್ರಕಟಿಸಿದ ವರದಿಯಂತೆ, ಚೀನಾ ಸರ್ಕಾರದ ಬೆಂಬಲವಿದ್ದ ಗುಂಪೊಂದು ಅದರ ಕ್ಲಾಡ್ ಎಂಬ ಕೃತಕ ಬುದ್ಧಿಮತ್ತೆ (ಎಐ) ಮಾದರಿಯನ್ನು ಬಳಸಿ ಸುಮಾರು 30 ಗುರಿಗಳ ಮೇಲೆ ದಾಳಿಗೆ ಯತ್ನಿಸಿತು. ತಂತ್ರಜ್ಞಾನ ಕಂಪನಿಗಳು, ಹಣಕಾಸು ಸಂಸ್ಥೆಗಳು, ರಾಸಾಯನಿಕ ತಯಾರಕರು, ಸರ್ಕಾರಿ ಇಲಾಖೆಗಳು ಆ ಪಟ್ಟಿಯಲ್ಲಿದ್ದವು, ಕೆಲವೇ ಕಡೆ ಯಶಸ್ಸು ಸಿಕ್ಕಿತು. ಕೆಲಸದ ಶೇ 80ರಿಂದ 90ರಷ್ಟು ಭಾಗವನ್ನು ಮಾದರಿಯೇ ಮಾಡಿತೆಂದೂ ವರದಿ ಹೇಳಿತು. ಪರಿಶೀಲಿಸಬಲ್ಲ ತಾಂತ್ರಿಕ ಸುಳಿವುಗಳನ್ನು ಕೊಡಲಿಲ್ಲವೆಂದು ಕೆಲವು ಪರಿಣತರು ವರದಿಯನ್ನು ಟೀಕಿಸಿದರು, ಆ ಟೀಕೆ ನ್ಯಾಯವಾದದ್ದೇ. ನನ್ನ ಗಮನ ಹೋದದ್ದು ಶೇಕಡಾವಾರು ಲೆಕ್ಕದ ಕಡೆಗಲ್ಲ, ಮಾದರಿಯನ್ನು ಒಪ್ಪಿಸಿದ ವಿಧಾನದ ಕಡೆಗೆ. ದಾಳಿಕೋರರು ತಾವು ಅಧಿಕೃತ ಸೈಬರ್ ಭದ್ರತಾ ಕಂಪನಿಯ ನೌಕರರು, ರಕ್ಷಣೆಗಾಗಿ ಪರೀಕ್ಷೆ ನಡೆಸುತ್ತಿದ್ದೇವೆ ಎಂದು ನಂಬಿಸಿದರು. ಜೊತೆಗೆ ದಾಳಿಯನ್ನು ಸಣ್ಣ ಸಣ್ಣ ಕೆಲಸಗಳಾಗಿ ತುಂಡರಿಸಿ ಕೊಟ್ಟರು: ಈ ವಿಳಾಸದಲ್ಲಿ ಏನೇನು ಸೇವೆಗಳಿವೆ ನೋಡು, ಈ ಪುಟದಲ್ಲಿ ದೋಷವಿದೆಯೇ ಪರೀಕ್ಷಿಸು, ಈ ಪಾಸ್‌ವರ್ಡ್ ನಡೆಯುತ್ತದೆಯೇ ನೋಡು. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದೂ ಬೆಂಗಳೂರಿನ ಯಾವುದೇ ಟೆಸ್ಟಿಂಗ್ ತಂಡದ ದಿನಚರಿ.

ಉದ್ದೇಶವನ್ನು ನಂಬಿದ ನೀತಿ ಹೇಗೆ ಸೋಲುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಯಂತ್ರಕ್ಕೆ ಎದುರಿಗಿರುವವರ ಮನಸ್ಸನ್ನು ತಿಳಿಯಲು ಅವರು ಟೈಪ್ ಮಾಡಿದ ವಾಕ್ಯಗಳ ಹೊರತು ಬೇರೆ ದಾರಿಯಿಲ್ಲ, ಸುಳ್ಳು ಹೇಳಲು ಖರ್ಚೂ ಇಲ್ಲ. ಅದಕ್ಕಿಂತ ಗಂಭೀರವಾದದ್ದು ತುಂಡರಿಸುವಿಕೆ. ಉದ್ದೇಶ ಇರುವುದು ಇಡೀ ಕೆಲಸಕ್ಕೆ. ಕೆಲಸವನ್ನು ಸಾವಿರ ತುಂಡು ಮಾಡಿದರೆ ಯಾವ ತುಂಡಿನಲ್ಲೂ ಅದು ಕಾಣಿಸುವುದಿಲ್ಲ. ದೊಡ್ಡ ಕಚೇರಿಗಳು ಈ ವಿದ್ಯೆಯನ್ನು ಯಾವಾಗಿನಿಂದಲೋ ಬಲ್ಲವು. ಕಡತ ಮುಂದಕ್ಕೆ ಕಳಿಸಿದವರು ತಮ್ಮ ಪಾಲಿನ ಒಂದು ಸಹಿಯನ್ನಷ್ಟೇ ಕಾಣುತ್ತಾರೆ. ಹೊಸತೆಂದರೆ, ಆ ತುಂಡುಗಳನ್ನು ಸೆಕೆಂಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಮುಗಿಸುವ, ನಡುವೆ ಒಮ್ಮೆಯೂ ಅಳುಕದ ಕೆಲಸಗಾರ ಸಿಕ್ಕಿರುವುದು. (ಅದೇ ಕೆಲಸಗಾರ ಇಲ್ಲದ ಪಾಸ್‌ವರ್ಡ್‌ಗಳನ್ನು ಸಿಕ್ಕಿತೆಂದು ಕೊಚ್ಚಿಕೊಂಡು ತನ್ನ ಯಜಮಾನರಿಗೂ ಕೈ ಕೊಟ್ಟಿತೆಂದು ವರದಿಯಲ್ಲಿದೆ; ಆ ಸಾಲನ್ನು ಓದುವಾಗ ನಗು ಬಂತೆಂಬುದು ನಿಜ.)

ಇನ್ನೂ ಒಂದು ವಿವರ. ಒಂದೊಂದು ದಾಳಿಯಲ್ಲೂ ಮನುಷ್ಯರು ನಡುವೆ ಬಂದದ್ದು ಬಹುಶಃ ನಾಲ್ಕರಿಂದ ಆರು ಮುಖ್ಯ ತೀರ್ಮಾನದ ಜಾಗಗಳಲ್ಲಿ ಮಾತ್ರ: ಮುಂದುವರಿ, ಇದನ್ನು ಬಳಸು, ಇಷ್ಟು ಮಾಹಿತಿ ತೆಗೆ. ಉಳಿದದ್ದನ್ನೆಲ್ಲ ಮಾಡಿದ್ದು ಮಾದರಿ. ಇವರು ಕೊಟ್ಟದ್ದು ಒಪ್ಪಿಗೆ.

ಇಂಥ ಸನ್ನಿವೇಶಕ್ಕೆ ಪಶ್ಚಿಮದ ಪಠ್ಯಗಳಿಗಿಂತ ಜೈನರ ಆಚಾರ ವಿಚಾರ ನನಗೆ ಹೆಚ್ಚು ಹತ್ತಿರವಾಗಿ ತೋರುತ್ತದೆ. ಕರ್ಮ ಅಂಟುವ ಬಗೆಗಳನ್ನು ಅವರು ಬಲು ಸೂಕ್ಷ್ಮವಾಗಿ ವಿಂಗಡಿಸಿದ್ದಾರೆ. ಸಂಕಲ್ಪಿಸುವುದು, ಸಿದ್ಧತೆ ಮಾಡುವುದು, ತೊಡಗುವುದು ಎಂದು ಮೂರು ಹಂತ. ಮನಸ್ಸು, ಮಾತು, ಕಾಯ ಎಂದು ಮೂರು ಕರಣ. ತಾನೇ ಮಾಡುವುದು, ಬೇರೆಯವರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂದು ಮೂರು ರೀತಿ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯ, ಅಂದರೆ ಮನಸ್ಸಿನ ಕೊಳೆ. ಎಲ್ಲವನ್ನೂ ಗುಣಿಸಿದರೆ 108. ಈ ಗಣಿತದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕೃತ, ಕಾರಿತ, ಅನುಮತ ಎಂಬ ಮೂರನೆಯ ಸಾಲು. ಕೈ ಯಾರದ್ದಾದರೂ ಇರಲಿ, ಮಾಡಿಸಿದವರ ಮತ್ತು ಒಪ್ಪಿದವರ ಪಾಲು ಅದರಿಂದ ಕರಗುವುದಿಲ್ಲ ಎಂಬ ತೀರ್ಮಾನ ಅಲ್ಲಿ ಮೊದಲೇ ಆಗಿದೆ. ಯಂತ್ರಕ್ಕೆ ಮನಸ್ಸಿದೆಯೇ, ಅದು ನೈತಿಕ ಕರ್ತೃವೇ ಎಂಬ ಪ್ರಶ್ನೆ ಬಗೆಹರಿಯುವ ತನಕ ಹೊಣೆಗಾರಿಕೆಯ ಲೆಕ್ಕ ಕಾಯಬೇಕಾಗಿಲ್ಲ. ಕೃತದ ಖಾನೆ ಖಾಲಿ ಉಳಿದರೂ ಕಾರಿತ, ಅನುಮತಗಳ ಖಾನೆಗಳಲ್ಲಿ ಬರೆಯಬೇಕಾದ ಹೆಸರುಗಳು ನಮಗೆ ಗೊತ್ತಿವೆ: ಗುರಿ ಕೊಟ್ಟವರು, ಮುಂದುವರಿ ಎಂದವರು, ಅಂಥದ್ದಕ್ಕೆ ಎಡೆಯಿಟ್ಟು ಮಾದರಿಯನ್ನು ಮಾರಿದವರು.

ಎಡವುವಿಕೆಯ ವಿಷಯದಲ್ಲೂ ಆ ಪರಂಪರೆ ನಿಷ್ಠುರವಾಗಿದೆ. ಹಿಂಸೆಯನ್ನು ಅದು ವ್ಯಾಖ್ಯಾನಿಸುವುದೇ ಪ್ರಮಾದದ ಮೂಲಕ, ಅಂದರೆ ಎಚ್ಚರ ತಪ್ಪಿ ನಡೆದುಕೊಂಡದ್ದರಿಂದ ಜೀವಕ್ಕೆ ಒದಗುವ ಹಾನಿಯ ಮೂಲಕ, ದ್ವೇಷ ಇರಲೇಬೇಕೆಂದಿಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆ ರ‍್ಯಾನ್ಸಮ್‌ವೇರ್‌ಗೆ ಸಿಕ್ಕಿತು. ಐದು ಸರ್ವರ್‌ಗಳು, ಸುಮಾರು 1.3 ಟೆರಾಬೈಟ್ ಮಾಹಿತಿ ಬೀಗ ಬಿದ್ದಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ನೆಟ್‌ವರ್ಕ್ ಅನ್ನು ಸರಿಯಾಗಿ ವಿಭಾಗಿಸದೆ ಇದ್ದದ್ದೇ ಒಳಗೆ ನುಗ್ಗಲು ಅವಕಾಶವಾಯಿತೆಂಬುದೂ ಆ ಉತ್ತರದಲ್ಲಿತ್ತು. ದಿನಗಟ್ಟಲೆ ಹೊರರೋಗಿಗಳ ನೋಂದಣಿ, ರಕ್ತಪರೀಕ್ಷೆಯ ವರದಿ ಎಲ್ಲವೂ ಕೈಬರಹದಲ್ಲಿ ನಡೆದವು. ವನ್ನಾಕ್ರೈ ವಿಷಯದಲ್ಲೂ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲೇ ಪ್ಯಾಚ್ ಹಾಕಿರೆಂಬ ಎಚ್ಚರಿಕೆ ಹೋಗಿತ್ತು. ಈ ಎರಡೂ ಕಡೆ ಕೆಟ್ಟ ಉದ್ದೇಶ ಇದ್ದ ಆಡಳಿತಗಾರರನ್ನು ಹುಡುಕಿದರೆ ಒಬ್ಬರೂ ಸಿಗುವುದಿಲ್ಲ, ಎಚ್ಚರ ತಪ್ಪಿದವರನ್ನು ಹುಡುಕಿದರೆ ಸರದಿಯೇ ಸಿಗುತ್ತದೆ.

ರಕ್ಷಣೆಯ ಕಡೆಯವರು ಇದರಿಂದ ಹೊರತಲ್ಲ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ನಡೆಸಿದ ಸ್ಪರ್ಧೆಯೊಂದರ ಅಂತಿಮ ಸುತ್ತಿನಲ್ಲಿ, 2025ರ ಆಗಸ್ಟ್‌ನಲ್ಲಿ ಪ್ರಕಟವಾದ ಫಲಿತಾಂಶದಂತೆ, ಸ್ವಯಂಚಾಲಿತ ವ್ಯವಸ್ಥೆಗಳು ಬೇಕೆಂದೇ ಹುದುಗಿಸಿಟ್ಟ ದೋಷಗಳಲ್ಲಿ 54ನ್ನು ಹುಡುಕಿ 43ನ್ನು ತಾವೇ ಸರಿಪಡಿಸಿದವು. ಯಾರೂ ಇಟ್ಟಿರದ 18 ನಿಜವಾದ ದೋಷಗಳೂ ಸಿಕ್ಕವು. ಒಂದು ಕೆಲಸಕ್ಕೆ ತಗುಲಿದ ಸರಾಸರಿ ಖರ್ಚು ಸುಮಾರು 152 ಡಾಲರ್. ಹುಡುಕುವುದು ಹೀಗೆ ಅಗ್ಗವಾದಾಗ, ಹುಡುಕಿದ್ದನ್ನು ಸರಿಪಡಿಸುವ ಭಾರ ಯಾರ ತಲೆಗೆ ಬೀಳುತ್ತದೆ? ಅದೇ ವರ್ಷ ಗೂಗಲ್‌ನ ಎಐ ವ್ಯವಸ್ಥೆ, ವಿಡಿಯೊ ತೋರಿಸುವ ಬಹುಪಾಲು ತಂತ್ರಾಂಶಗಳ ಒಳಗಿರುವ ಎಫ್‌ಎಫ್‌ಎಂಪೆಗ್‌ನಲ್ಲಿ ಒಂದು ದೋಷ ಕಂಡುಹಿಡಿಯಿತು. ಅದು ಇದ್ದದ್ದು 1995ರ ಹಳೆಯ ಕಂಪ್ಯೂಟರ್ ಆಟವೊಂದರ ವಿಡಿಯೊ ಬಿಚ್ಚುವ ಮೂಲೆಯಲ್ಲಿ. ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ಆ ತಂತ್ರಾಂಶದ ಕೋಡ್ ಅನ್ನು ಕಾಯ್ದುಕೊಂಡು ಬಂದವರು ಅದನ್ನು ಸರಿಪಡಿಸಿದರು, ಜೊತೆಗೆ ಸಿಟ್ಟನ್ನೂ ಹೊರಹಾಕಿದರು: ಇಷ್ಟು ಸಿರಿವಂತ ಕಂಪನಿ ದೋಷದ ಜೊತೆ ಒಂದು ಪ್ಯಾಚ್ ಅನ್ನೋ ಸ್ವಲ್ಪ ಹಣವನ್ನೋ ಯಾಕೆ ಕಳಿಸಬಾರದು? ಗೂಗಲ್‌ನ ಪರವಾದ ವಾದವೂ ಸುಳ್ಳಲ್ಲ. ದೋಷ ದೋಷವೇ, ದಾಳಿಕೋರರು ಅದು ಯಾವ ಮೂಲೆಯಲ್ಲಿದೆ ಎಂದು ನೋಡುವುದಿಲ್ಲ. ಆದರೆ ತೊಂಬತ್ತು ದಿನ ಕಳೆದರೆ ದೋಷ ಬಹಿರಂಗ ಎಂಬ ಗಡುವು ಹೊತ್ತು ಬರುವ ವರದಿ, ಅದನ್ನು ಕೇಳದೇ ಇದ್ದವರ ಭಾನುವಾರವನ್ನು ಕಿತ್ತುಕೊಳ್ಳುತ್ತದೆ. ಅಂತರ್ಜಾಲದ ಮೂಲಕ ಮಾಹಿತಿ ಸಾಗಿಸುವ ಕರ್ಲ್ ಎಂಬ ತಂತ್ರಾಂಶವನ್ನು ಕಟ್ಟಿದ ಡೇನಿಯಲ್ ಸ್ಟೆನ್‌ಬರ್ಗ್ ಅವರ ಗೋಳು ಇದಕ್ಕಿಂತ ಹೆಚ್ಚು: ಅವರಿಗೆ ಬರುತ್ತಿದ್ದ ಎಐ ಬರೆದ ವರದಿಗಳಲ್ಲಿ ಎಷ್ಟೋ, ಇಲ್ಲದ ದೋಷಗಳನ್ನು ಇದೆಯೆಂದು ಸಾಧಿಸುವಂಥವು. ಕಳಿಸಿದವರಲ್ಲಿ ಅನೇಕರಿಗೆ ನೆರವಾಗುವ ಉದ್ದೇಶವೇ ಇದ್ದಿರಬಹುದು.

ಹೀಗಾಗಿ ನಾನು ಸೆಕ್ಷನ್ 43ರ ಆ ಒರಟು ಪ್ರಶ್ನೆಯ ಕಡೆಗೆ ವಾಲುತ್ತಿದ್ದೇನೆ, ಆದರೆ ಒಂದು ತಕರಾರಿನೊಂದಿಗೆ. ಅದು ಕೇಳುವುದು ಮಾಲೀಕರ ಅಥವಾ ಉಸ್ತುವಾರಿಯವರ ಅನುಮತಿಯನ್ನು ಮಾತ್ರ. ಅಂಕಪಟ್ಟಿ ಸೋರಿದಾಗ ನಷ್ಟ ವಿದ್ಯಾರ್ಥಿಗಳಿಗೆ, ಆದರೆ ಸಂಶೋಧಕನ ಮೇಲೆ ದಾವೆ ಹೂಡುವ ಅಧಿಕಾರ ಕಾಲೇಜಿಗೆ. ಬಾಗಿಲು ತೆರೆದಿಟ್ಟವರು ಬಾಗಿಲು ತೆರೆದಿದೆ ಎಂದವರ ಮೇಲೆ ಮೊಕದ್ದಮೆ ಹೂಡುವ ವಿಚಿತ್ರ ಹುಟ್ಟುವುದು ಹೀಗೆ. ಅನುಮತಿಯ ಅಳತೆಗೋಲು ನಿಲ್ಲಬೇಕಾದರೆ ಅದು ಅಪಾಯ ಹೊರುವವರ ತನಕ ತಲುಪಬೇಕು.

ಕೆಲಸದ ಮಟ್ಟದಲ್ಲಿ ಇದು ಅಸಾಧ್ಯವೇನಲ್ಲ. ಪೆನೆಟ್ರೇಷನ್ ಟೆಸ್ಟಿಂಗ್, ಅಂದರೆ ದಾಳಿಕೋರರಂತೆ ನುಗ್ಗಿ ನೋಡುವ ಪರೀಕ್ಷೆ, ಶುರುವಾಗುವ ಮೊದಲು ಎರಡೂ ಕಡೆಯವರು ಸಹಿ ಹಾಕುವ ಪತ್ರವೊಂದಿದೆ. ಯಾವ ವಿಳಾಸಗಳನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು, ಯಾವ ಹೊತ್ತಿನಲ್ಲಿ ಮಾಡಬೇಕು, ಏನಾದರೂ ಕುಸಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಈಗ ಅದೇ ಪರೀಕ್ಷೆಯನ್ನು ಎಐ ಏಜೆಂಟ್‌ಗಳಿಗೆ, ಅಂದರೆ ತಾವೇ ಹೆಜ್ಜೆಹೆಜ್ಜೆಯಾಗಿ ಕೆಲಸ ಮುಗಿಸುವ ತಂತ್ರಾಂಶಗಳಿಗೆ, ವಹಿಸುವ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಹಾಗೆ ವಹಿಸುವ ದಿನ ಆ ಪತ್ರಕ್ಕೆ ಎರಡು ಸಾಲು ಸೇರಬೇಕೆಂಬುದು ನನ್ನ ವಾದ. ಮೊದಲನೆಯದು, ಯಾವ ಯಾವ ಹೆಜ್ಜೆಗೆ ಏಜೆಂಟ್ ನಿಂತು ಕೇಳಬೇಕು, ಕೇಳಿದಾಗ ಮುಂದುವರಿ ಎನ್ನುವ ವ್ಯಕ್ತಿ ಯಾರು. ತಂಡದ ಹೆಸರಾಗಲೀ ಹುದ್ದೆಯಾಗಲೀ ಸಾಲದು, ವ್ಯಕ್ತಿಯ ಹೆಸರೇ ಬೇಕು. ಎರಡನೆಯದು, ಪರೀಕ್ಷೆ ಹಳಿ ತಪ್ಪಿದರೆ ತೊಂದರೆಗೆ ಸಿಲುಕುವವರಲ್ಲಿ ಯಾರನ್ನು ಮೊದಲೇ ಕೇಳಲಾಯಿತು. ಆಸ್ಪತ್ರೆಯಾದರೆ ಐಟಿ ಮುಖ್ಯಸ್ಥರ ಸಹಿಯ ಕೆಳಗೆ, ಆ ರಾತ್ರಿ ತೀವ್ರ ನಿಗಾ ಘಟಕದ ಪಾಳಿಯಲ್ಲಿರುವ ಹಿರಿಯ ನರ್ಸ್ ಅವರ ಸಹಿಗೂ ಜಾಗ ಇರಬೇಕು, ಮತ್ತು ಬೇಡ ಎಂದು ಅವರು ಹೇಳಿದರೆ ಪರೀಕ್ಷೆ ನಾಳೆಗೆ ಹೋಗಬೇಕು.